ಅಳತೆ ಬಾರದ ಪರದೆ

ಸಾಕ್ಸ್, ಅಲಿಕಾಂತೆ ಪ್ರಾಂತ್ಯ
೧೦ ನವೆಂಬರ್ ೧೯೯೧, ಭಾನುವಾರ

ಪ್ರೀತಿಯ ಅಮ್ಮಾ,

ಮೊದಲಿಗೆ ಕ್ಷಮಿಸು. ತಾತನ ಮನೆಗೆ ಹೋಗುವುದಾದರೆ ಹೋಗು, ಆದರೆ ಅಲ್ಲಿಂದ ನನಗೆ ಒಂದು ಸಾಲೂ ಬರೆಯಬೇಡ ಎಂದು ನೀನು ಏರ್‌ಪೋರ್ಟಿನಲ್ಲಿ ಹೇಳಿದ್ದು ಮರೆತಿಲ್ಲ. ಮರೆತವಳ ಹಾಗೆ ನಟಿಸುವುದೂ ನನಗೆ ಬರುವುದಿಲ್ಲ. ಫೋನಿನಲ್ಲಿ ತಾತನ ಹೆಸರೆತ್ತಿದರೆ ಸಾಕು, "ಒಲೆ ಮೇಲೆ ಏನೋ ಸೀದುಹೋಗ್ತಿದೆ ಕಣೆ" ಎಂದು ಇಟ್ಟುಬಿಡುತ್ತೀಯ. ವಾರ ವಾರವೂ ಸೀದುಹೋಗುವಂಥದ್ದು ನಮ್ಮ ಮನೆಯಲ್ಲಿ ಏನು ಬೇಯುತ್ತದಮ್ಮಾ? ಅದಕ್ಕೇ ಈ ಕಾಗದ. ಇದನ್ನೂ ನೀನು ಅರ್ಧಕ್ಕೇ ಮಡಿಸಿಡಬಹುದು. ಆದರೆ ಮೇಜಿನ ಮೇಲೆ ಇದ್ದೇ ಇರುತ್ತದಲ್ಲ, ಎಂದಾದರೊಮ್ಮೆ ಉಳಿದರ್ಧ ಓದಬಹುದು ಎಂಬ ಆಸೆ.

ಆರೋಗ್ಯ ಹೇಗಿದೆ? ಮಂಡಿನೋವು ಕಡಿಮೆಯಾಯಿತೆ? ಆಸ್ಪತ್ರೆಯಲ್ಲಿ ಇನ್ನೂ ನಿನಗೇ ನೈಟ್ ಡ್ಯೂಟಿ ಹಾಕುತ್ತಿದ್ದಾರೆಯೆ? ಅಪ್ಪನ ಕೆಮ್ಮು? ಲೀಡ್ಸ್‌ನಲ್ಲಿ ಈಗ ಮಧ್ಯಾಹ್ನಕ್ಕೇ ಕತ್ತಲಾಗುತ್ತಿರಬೇಕು. ಹೊರಗೆ ಹೋಗುವಾಗ ಕೆಂಪು ಕೋಟು ಹಾಕಿಕೋ, ಆ ಬೂದು ಬಣ್ಣದ್ದು ಚಳಿ ತಡೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರಗಿರ ಏನೂ ಇಲ್ಲ. ಅಲಿಕಾಂತೆಯ ಕಾಲೇಜಿನಲ್ಲಿ ಕ್ಲಾಸು ಶುರುವಾಗಿ ಇಷ್ಟು ದಿನವಾದರೂ ಮೇಷ್ಟ್ರು ನನ್ನ ಕಡೆ ತಿರುಗಿದರೆ ಸಾಕು, ಪೆನ್ನು ಬೀಳಿಸಿ ಅದನ್ನು ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೆ ಬಗ್ಗುತ್ತೇನೆ. ಹಾಸ್ಟೆಲ್ ಶಾಲೆಯಲ್ಲಿ ನನ್ನನ್ನು ಸ್ಪೇನಿನವಳು ಅನ್ನುತ್ತಿದ್ದರು, ಇಲ್ಲಿ ಇಂಗ್ಲಿಷಿನವಳು ಅನ್ನುತ್ತಾರೆ. ಶನಿವಾರ ರೈಲು ಇಳಿದೊಡನೆ ಪ್ರೂದೆನ್ ಮಾವ, "ಬಂದ್ರಪ್ಪಾ ಮಹಾರಾಣಿಯೋರು! ಟೀ ಇಲ್ಲ ತಾಯಿ, ನಮ್ಮ ಬಡವರ ಕಾಫೀನೇ ಕುಡೀಬೇಕು" ಎಂದು ನನ್ನ ಚೀಲ ಕಿತ್ತುಕೊಳ್ಳುತ್ತಾರೆ. ನಾನು ಹಾಸ್ಟೆಲಿನ ರೂಢಿಯಂತೆ ಒಂದು ಸುಕ್ಕೂ ಇಲ್ಲದೆ ಹಾಸಿಗೆ ಹಾಸುವುದನ್ನು ನೋಡಿ ಅಜ್ಜಿಗೆ ಗಾಬರಿ. "ಇದೇನೇ ಪುಟ್ಟಿ, ಹೆಣ ಎತ್ಕೊಂಡ್ಹೋದ ಮೇಲೆ ಹಾಸಿದಂಗಿದೆ! ಮನುಷ್ಯರು ಮಲಗೋ ಹಾಸಿಗೆ ಅಂದ್ಮೇಲೆ ಸ್ವಲ್ಪ ಮುದುರಿರ್ಬೇಕಪ್ಪ" ಎಂದು ಕೈಯಿಂದಲೇ ಕದಡಿ ಹೋಗುತ್ತಾರೆ.

ಇನ್ನು ತಾತ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡ ಅಮ್ಮಾ, ದಮ್ಮಯ್ಯ.

ಅವರ ಮರೆವಿನ ವಿಷಯ ಮಾವ ನಿನಗೆ ಹೇಳಿರುತ್ತಾರೆ. ನಾನು ಬರುವ ಮೊದಲು ಅದನ್ನು ಸಾಮಾನ್ಯ ಮುದುಕರ ಮರೆವು ಎಂದುಕೊಂಡಿದ್ದೆ, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವಂಥದ್ದು. ಅದಲ್ಲ. ಊಟ ಮಾಡಿ ಬಾಯಿ ಒರೆಸಿಕೊಂಡವರು ಅಜ್ಜಿಯ ಕಡೆ ತಿರುಗಿ "ಇವತ್ತು ಅಡುಗೆ ಇಲ್ವೇನೇ?" ಅನ್ನುತ್ತಾರೆ. ಅಜ್ಜಿ ಮೊದಮೊದಲು "ಈಗ ತಾನೇ ಅರ್ಧ ಮೊಲ ನುಂಗಿದ್ಯಲ್ಲೋ!" ಎಂದು ರೇಗುತ್ತಿದ್ದರಂತೆ. ಈಗ ಇನ್ನೊಂದು ತುಂಡು ಬ್ರೆಡ್ ಕೊಟ್ಟುಬಿಡುತ್ತಾರೆ. ಆದರೂ ಬೆಳಗಾದರೆ ತಾತ ಕೆಳಗಿನ ಕೋಣೆಗೆ ಇಳಿಯುವುದು ತಪ್ಪಿಲ್ಲ. ಆ ಕೋಣೆ ನೀನು ನೋಡಿದ ಹಾಗೆಯೇ ಇದೆ: ಬೀದಿ ಬಾಗಿಲು, ಉದ್ದ ಮೇಜು, ಗೋಡೆಗೆ ಒರಗಿಸಿದ ಪೈನ್ ಮರದ ಪಟ್ಟಿಗಳು, ಪಟ್ಟಿಗಳನ್ನು ಅದ್ದುತ್ತಿದ್ದ ಹಸಿರು ಬಣ್ಣದ ತೊಟ್ಟಿ. ತೊಟ್ಟಿ ಒಣಗಿಹೋಗಿ ಈಗ ಅದರಲ್ಲಿ ಬೆಕ್ಕು ಮಲಗುತ್ತದೆ. ಪಟ್ಟಿಗಳನ್ನು ಪೋಣಿಸಿ ಕಿಟಕಿಯ ಹೊರಗೆ ಇಳಿಬಿಡುವ ಮರದ ಪರದೆ ಈಗ ಯಾರಿಗೂ ಬೇಡವಾಗಿದೆ. ಮಾವ ಮಾರುವುದೂ ಪ್ಲಾಸ್ಟಿಕ್ಕಿನದನ್ನೇ, ಗುಂಡಿ ಒತ್ತಿದರೆ ಏರುವಂಥದ್ದು. ಆದರೆ ತಾತ ಮಾತ್ರ ಸ್ಟೂಲಿನ ಮೇಲೆ ಕೂತು, ಪಟ್ಟಿಯ ತೂತಿಗೆ ತಂತಿಯ ಕೊಂಡಿ ತೂರಿಸಿ, ಹಿಂದಿನ ಪಟ್ಟಿಯ ಕೊಂಡಿಗೆ ಸಿಕ್ಕಿಸಿ, ಇಕ್ಕಳದಿಂದ ಒಂದು ಸಲ ಹಿಸುಕಿ, ಮುಂದಿನ ಪಟ್ಟಿಗೆ ಕೈ ಚಾಚುತ್ತಾರೆ. ನೀನೂ ಶಾಲೆಯಿಂದ ಬಂದ ಮೇಲೆ ಆ ಮೇಜಿಗೆ ಕೂತು ಕೊಂಡಿ ಸಿಕ್ಕಿಸುತ್ತಿದ್ದೆಯಂತೆ, ಅಜ್ಜಿ ಹೇಳಿದರು. ನಿನ್ನ ಬೆರಳಿನ ಆ ಕಲೆ ಅಡುಗೆಮನೆ ಚಾಕುವಿನದಲ್ಲ ಎಂದು ನನಗೆ ಆಗ ಗೊತ್ತಾಯಿತು.

ತೊಂದರೆ ಏನೆಂದರೆ ಅವರು ಪರದೆಯನ್ನು ಮುಗಿಸುವುದಿಲ್ಲ. ಕೊನೆಗೊಂದು ದಪ್ಪ ಪಟ್ಟಿ ಹಾಕಿ ಹಗ್ಗ ಗಂಟು ಹಾಕಿದರೆ ಪರದೆ ಆದ ಹಾಗೆ, ಅಲ್ಲವೆ? ಮಾವ ಆ ದಪ್ಪ ಪಟ್ಟಿಯನ್ನು ಕೈಗೇ ಕೊಟ್ಟರು. ತಾತ ಅದನ್ನು ಪಕ್ಕಕ್ಕೆ ಒರಗಿಸಿ, "ಇರೋ ಮಾರಾಯ, ಅಳತೆ ಇನ್ನೂ ಬಂದಿಲ್ಲ" ಎಂದು ಮತ್ತೆ ಸಣ್ಣ ಪಟ್ಟಿಯನ್ನೇ ಎತ್ತಿಕೊಂಡರು. ಬೇಸಿಗೆಯಿಂದಲೂ ಒಂದೇ ಪರದೆ. ಮೇಜಿನಿಂದ ಇಳಿದು, ನೆಲದ ಮೇಲೆ ಹರಿದು, ಹಿಂಬಾಗಿಲಿನಿಂದ ಅಂಗಳಕ್ಕೆ ಹೋಗಿದೆ. ಯಾವ ಊರಿನ ಯಾವ ಮನೆಗೂ ಅಷ್ಟು ಉದ್ದದ ಕಿಟಕಿ ಇರಲಾರದು. ಅಂಗಳದಲ್ಲಿ ಅದರ ಇನ್ನೊಂದು ತುದಿಗೆ ಅಜ್ಜಿ ಮಣೆ ಹಾಕಿಕೊಂಡು ಕೂತಿರುತ್ತಾರೆ. ತಾತ ಈ ತುದಿಯಲ್ಲಿ ಸಿಕ್ಕಿಸಿದಂತೆ ಅಜ್ಜಿ ಆ ತುದಿಯಲ್ಲಿ ಬಿಚ್ಚುತ್ತಾರೆ. ಪಟ್ಟಿ ಕೊಯ್ದುಕೊಡುತ್ತಿದ್ದ ಮಿಲ್ ಮುಚ್ಚಿದೆ, ಹೊಸ ಪಟ್ಟಿ ಎಲ್ಲಿಂದ ತರುವುದು? ಪಟ್ಟಿ ಮುಗಿದ ದಿನ ತಾತ ಬರಿಯ ಮೇಜನ್ನು ಸವರುತ್ತಾ ಮಕ್ಕಳ ಹಾಗೆ ಅತ್ತರಂತೆ. ಆವತ್ತಿನಿಂದ ಅಜ್ಜಿ ಬಿಚ್ಚಿದ ಪಟ್ಟಿಗಳನ್ನು ಏಪ್ರನ್ನಿನಲ್ಲಿ ತುಂಬಿಕೊಂಡು ಬೀದಿಯಿಂದ ಸುತ್ತಿ ಬಂದು ಗೋಡೆಗೆ ಒರಗಿಸುತ್ತಾರೆ. "ಏನೇ ವಿರ್ತೂದೆಸ್, ಹಿತ್ತಲಲ್ಲಿ ಏನು ಮಾಡ್ತಿದೀಯ?" ಎಂದು ತಾತ ಕೂಗಿದರೆ "ಧೂಳು ಹೊಡೀತಿದೀನಿ" ಅನ್ನುತ್ತಾರೆ. "ಹೊಡಿ ಹೊಡಿ. ನಿಮ್ಮಪ್ಪನ ಮನೇಲಿ ನೀನು ಧೂಳು ಹೊಡೆದದ್ದನ್ನ ಯಾರೂ ಕಂಡಿಲ್ಲ" ಎಂದು ತಾತ ನಗುತ್ತಾರೆ. ಆಗ ಮಾತ್ರ ಮೊದಲಿನ ತಾತ ಅಂತೆ. ಮೊದಲಿನವರು ನನಗೆ ಗೊತ್ತಿಲ್ಲವಲ್ಲ, ಕೇಳಿದ್ದಷ್ಟೇ.

ಇದು ಹೀಗೇ ನಡೆದುಕೊಂಡು ಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ನಡೆಯುವುದಿಲ್ಲ. ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ ತಂತಿ ಮುರಿಯುತ್ತಿದೆ. ಪಟ್ಟಿಯ ತೂತುಗಳು ಸವೆದು ಸೀಳುತ್ತಿವೆ. ಅಜ್ಜಿಯ ಬೆರಳುಗಳು ಬೆಳಿಗ್ಗೆ ಬಿಸಿನೀರಿನಲ್ಲಿ ಇಟ್ಟುಕೊಳ್ಳದೆ ಬಿಚ್ಚಿಕೊಳ್ಳುವುದಿಲ್ಲ. ಪ್ರತಿ ಶನಿವಾರವೂ ಪರದೆ ಹೋದ ವಾರಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ನಾನು ಸಹಾಯಕ್ಕೆ ಕೂತರೆ ಕೊಂಡಿ ಉಗುರಿನೊಳಗೆ ಚುಚ್ಚಿಕೊಳ್ಳುತ್ತದೆ. ಅಜ್ಜಿ "ಬಿಡೇ, ನಿನ್ನ ಕೈ ಪೆನ್ನು ಹಿಡಿಯೋಕೆ ಹುಟ್ಟಿದ್ದು" ಅನ್ನುತ್ತಾರೆ. ಆ ಪೆನ್ನು ಹಿಡಿದು ನಾನು ಏನು ಕಡಿದುಹಾಕಿದ್ದೇನೆ ಎಂದು ಅವರಿಗೆ ಗೊತ್ತಿದ್ದರೆ!

ಅಳತೆ ಯಾರದ್ದು ಎಂದು ನಾನು ಕೇಳಿದೆ ಅಮ್ಮಾ. ಕೇಳಬಾರದಿತ್ತು. "ಆಸುನ್ ಮನೇದು ಕಣಮ್ಮ. ಅಲ್ಲಿ ಇಂಗ್ಲೆಂಡಲ್ಲಿ ಮನೆ ಮಾಡ್ಕೊಂಡಿದಾಳಲ್ಲ ನನ್ ಮಗಳು, ಅವಳ ಬಾಲ್ಕನಿಗೆ. ಕಾಗದ ಬರೀಲಿ ಅಂತ ಕಾಯ್ತಿದೀನಿ." ಅಲ್ಲಿ ಬಾಲ್ಕನಿ ಇಲ್ಲ ತಾತ, ಬಿಸಿಲೂ ಇಲ್ಲ ಎಂದೆ. "ಬಿಸಿಲಿಲ್ಲದ ಊರಲ್ಲಿ ಕಿಟಕಿ ಯಾಕಿಡ್ತಾರೆ ಮತ್ತೆ, ಪೆದ್ದರು!" ಎಂದು ತುಂಬಾ ನಕ್ಕರು. ಆಮೇಲೆ ನಾನೇ ಒಂದು ಅಳತೆ ಹೇಳಿಬಿಟ್ಟೆ, ಲೀಡ್ಸ್‌ನ ನನ್ನ ಕೋಣೆಯ ಕಿಟಕಿಯದ್ದು. ಅವರು ನನ್ನನ್ನು ಅನುಮಾನದಿಂದ ನೋಡಿ, "ಇದು ಗಾಜಿನ ಅಳತೆ. ಪರದೆ ಬಾಲ್ಕನಿ ಕಂಬಿ ಮೇಲೆ ಬಿದ್ದು ಹೊರಗೆ ಇಳೀಬೇಡ್ವೇ? ಕೆಳಗಿಂದ ಗಾಳಿ ಬರಬೇಡ್ವೇ? ಅವಳು ಅದರ ಹಿಂದೆ ಕೂತು ಬೀದಿ ನೋಡಬೇಡ್ವೇ? ನಿನ್ನನ್ನ ಯಾರು ಕಳಿಸಿದ್ದು?" ಎಂದರು. ಸ್ವಲ್ಪ ಹೊತ್ತಿಗೆ ನಾನು ಕೇಳಿದ್ದೂ ತಾವು ರೇಗಿದ್ದೂ ಎರಡೂ ಮರೆತುಹೋಯಿತು. ಕೈ ಮಾತ್ರ ಮುಂದಿನ ಪಟ್ಟಿಗೆ ಹೋಯಿತು.

ಜನವರಿಯಲ್ಲಿ ಮೂರು ರಾಜರ ಹಬ್ಬ ಕಳೆದ ಮೇಲೆ ಅವರನ್ನು ಸನ್ಯಾಸಿನಿಯರ ವೃದ್ಧಾಶ್ರಮಕ್ಕೆ ಸೇರಿಸುವುದೆಂದು ಮಾವ ತೀರ್ಮಾನಿಸಿದ್ದಾರೆ. ಮಾವನ ಮೇಲೆ ಸಿಟ್ಟಾಗಬೇಡ. ಅವರು ಅದನ್ನು ಹೇಳಿದ್ದು ಊಟದ ತಟ್ಟೆಯ ಮೇಲಿನ ಕಣ್ಣು ಎತ್ತದೆ. ಅಜ್ಜಿ ಮಾವನ ಮನೆಗೆ ಹೋಗುತ್ತಾರೆ, ಇಲ್ಲಿ ಮಾವ ಪ್ಲಾಸ್ಟಿಕ್ ಪರದೆಗಳ ಪೆಟ್ಟಿಗೆ ಇಡುತ್ತಾರೆ. ನಾನು ಮಾವನ ಜೊತೆ ಆಶ್ರಮ ನೋಡಿಬಂದೆ. ಚೊಕ್ಕಟವಾಗಿದೆ, ನಮ್ಮ ಹಾಸ್ಟೆಲಿನ ವಾಸನೆಯೇ ಇದೆ. ಇಕ್ಕಳ, ತಂತಿ, ಮೊಳೆ ಏನನ್ನೂ ಒಳಗೆ ಬಿಡುವುದಿಲ್ಲವಂತೆ. ಹಾಗಾದರೆ ಅವರು ಕೈಯಲ್ಲಿ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅಲ್ಲಿನ ಹಿರಿಯ ಸನ್ಯಾಸಿನಿ, "ಜಪಮಾಲೆ ಕೊಡ್ತೀವಮ್ಮ, ಎಲ್ಲರೂ ಒಗ್ಗಿಕೊಳ್ತಾರೆ" ಎಂದರು. ಮಾವ ಕಾರಿನಲ್ಲಿ ತುಂಬ ಹೊತ್ತು ಕೀಲಿ ತಿರುಗಿಸಲೇ ಇಲ್ಲ.

ನೀನು ಮನೆ ಬಿಟ್ಟ ಆ ದಿನದ ಕತೆಯೂ ನನಗೆ ಈಗ ಗೊತ್ತು. ಪಕ್ಕದ ಮನೆ ಪೂರಾ ಅತ್ತೆ ಹೇಳಿದರು. ನೀನು ಯಾವತ್ತು ಕೇಳಿದರೂ "ಜಗಳ ಆಯ್ತು, ಬಂದ್ಬಿಟ್ಟೆ" ಎಂಬಷ್ಟೇ. ಇಂಗ್ಲಿಷಿನವನನ್ನು, ಅದೂ ಚರ್ಚು ಇಲ್ಲದೆ ಮದುವೆಯಾಗುತ್ತೇನೆಂದು ನೀನು ಪೆಟ್ಟಿಗೆ ಹಿಡಿದು ಹೊರಟ ಬೆಳಿಗ್ಗೆ, ತಾತ ಮಹಡಿಗೆ ಹೋಗಿ ಬೀದಿ ಕಡೆಯ ಪರದೆಗಳನ್ನೆಲ್ಲ ಕೆಳಗೆ ಬಿಟ್ಟರಂತೆ, ಸಾವಿನ ಮನೆಯಲ್ಲಿ ಬಿಡುವ ಹಾಗೆ. ಪೂರಾ ಅತ್ತೆ ಅದನ್ನು ನೋಡಿ, ಒಲೆಯ ಮೇಲಿದ್ದ ಸಾರನ್ನೇ ಎತ್ತಿಕೊಂಡು ಓಡಿಬಂದರಂತೆ. "ಯಾರು ಹೋದ್ರೋ ಹಿನೇಸ್?" "ಮಗಳು." "ಆಸುನಾ? ಅಯ್ಯೋ, ಈಗ ತಾನೇ ಬ್ರೆಡ್ ಅಂಗಡೀಲಿ ನಂಗೆ ಮುತ್ತು ಕೊಟ್ಟು ಹೋದ್ಲಲ್ಲೋ!" ಹಿಂತಿರುಗಿ ನೋಡಿದರೆ ಬೀದಿಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ನೀನು. ರೈಲು ತಪ್ಪಿತ್ತೋ, ನೀನೇ ಬಿಟ್ಟೆಯೋ, ಅದು ನಿನಗೇ ಗೊತ್ತು. ಮೇಲೆ ನೋಡಿದೆ, ಪರದೆ ನೋಡಿದೆ, ತಿರುಗಿ ಹೋದೆ. "ಸಾರು ಬಿಟ್ಟು ಹೋಗ್ಲೋ ವಾಪಸ್ ಒಯ್ಯಲೋ ಗೊತ್ತಾಗ್ದೆ ಬಾಗಿಲಲ್ಲೇ ನಿಂತಿದ್ದೆ ಕಣೆ" ಎಂದು ಹೇಳುತ್ತಾ ಪೂರಾ ಅತ್ತೆ ಮೊದಲು ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ಪರದೆ ಎತ್ತಲು ತಾತ ಬಿಡದೆ ಆ ವರ್ಷವೆಲ್ಲ ಅಜ್ಜಿ ಹಗಲಲ್ಲೂ ದೀಪ ಹಾಕಿಕೊಂಡೇ ಅಡುಗೆ ಮಾಡಿದರಂತೆ.

ನಿನ್ನ ಜಾಗದಲ್ಲಿ ನಾನಿದ್ದರೂ ತಿರುಗಿ ಹೋಗುತ್ತಿದ್ದೆ. ಬದುಕಿರುವಾಗಲೇ ತನ್ನ ಸಾವಿನ ಮನೆ ನೋಡಿದವಳು ಇನ್ನೇನು ಮಾಡಬೇಕು? ಅದಕ್ಕೇ ಬಾ ಎಂದು ಕರೆಯುತ್ತಿಲ್ಲ. ಬಂದರೂ ಗುರುತು ಹಿಡಿಯುತ್ತಾರೆ ಎಂದು ಭರವಸೆ ಕೊಡಲಾರೆ. ಅಜ್ಜಿ ಮಾತ್ರ ಕ್ರಿಸ್‌ಮಸ್‌ಗೆ ನಿನ್ನ ಕೋಣೆಯ ಮಂಚಕ್ಕೆ ಹೊಸ ಹಾಸಿಗೆ ಹೊಲಿಸಲೇ ಎಂದು ನನ್ನನ್ನು ಕೇಳುತ್ತಿರುತ್ತಾರೆ. ನಾನು ನೋಡೋಣ ಅಜ್ಜಿ ಅನ್ನುತ್ತೇನೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗುತ್ತದೆ.

ಅಪ್ಪನಿಗೆ ನನ್ನ ಮುತ್ತು, ಜೇನು ಹಾಕಿದ ಬಿಸಿನೀರು ಕುಡಿಯಲು ಹೇಳು. ಅಜ್ಜಿಯ ಆಶೀರ್ವಾದ ನಿಮ್ಮಿಬ್ಬರಿಗೂ ಇದೆ. ಇಬ್ಬರಿಗೂ ಎಂದು ಅವರೇ ಒತ್ತಿ ಹೇಳಿದರು. ಮಂಡಿ ಜೋಪಾನ.

ನಿನ್ನ
ಹಿಲ್ಡಾ

ಮರೆತೆ: ಮಾವ ಹೊರಗೆ ಹಾರನ್ ಬಾರಿಸುತ್ತಿದ್ದಾರೆ, ರೈಲಿಗೆ ಹೊತ್ತಾಯಿತು. ಮರೆತದ್ದಲ್ಲ ಅಮ್ಮಾ, ಇದನ್ನು ಬರೆಯಲು ಧೈರ್ಯ ಸಾಲದೆ ಇಷ್ಟು ಹಾಳೆ ತುಂಬಿಸಿದೆ. ಈಚೆಗೆ ತಾತ ನನ್ನನ್ನೇ ನೀನು ಅಂದುಕೊಳ್ಳುತ್ತಿದ್ದಾರೆ. ನಾನು ಕೆಳಗಿಳಿದು ಬಂದರೆ ಇಕ್ಕಳ ಕೆಳಗಿಟ್ಟು ಎದ್ದು ನಿಂತು, ಮಹಡಿಯ ಕಡೆ ಕೈ ತೋರಿಸಿ, "ಆಸುನ್, ಪರದೆ ಮೇಲೆತ್ತಲೇನಮ್ಮಾ?" ಎಂದು ಕೇಳುತ್ತಾರೆ. ಪರದೆಗಳೆಲ್ಲ ಎತ್ತಿಯೇ ಇವೆ, ಮೆಟ್ಟಿಲವರೆಗೂ ಬಿಸಿಲು ಬಿದ್ದಿರುತ್ತದೆ. ಅವರಿಗೆ ಇನ್ನೂ ಆ ಬೆಳಿಗ್ಗೆಯೇ. ಅಜ್ಜಿ ಹಿಂದಿನಿಂದ "ಹೂಂ ಅನ್ನೇ, ಹೂಂ ಅಂದ್ಬಿಡೇ" ಎಂದು ಸನ್ನೆ ಮಾಡುತ್ತಾರೆ. ಆದರೆ ಹೂಂ ಅನ್ನಬೇಕಾದವಳು ನೀನು, ನಿನ್ನನ್ನು ಕೇಳದೆ ನಾನು ಹೇಗೆ ಅನ್ನಲಿ? ಅಂಗಳಕ್ಕೆ ಹೋಗಿಬಿಡುತ್ತೇನೆ. ನಾನು ವಾಪಸ್ ಬಂದಾಗಲೂ ಅವರು ನಿಂತೇ ಇರುತ್ತಾರೆ. ಹೂಂ ಅಂದರೂ ಮರುಗಳಿಗೆ ಮರೆತು ಮತ್ತೆ ಕೇಳುತ್ತಾರೆ, ಅದರಿಂದ ಏನೂ ಸರಿಹೋಗುವುದಿಲ್ಲ, ಅದೂ ಗೊತ್ತು. ಆದರೂ ಬರುವ ಶನಿವಾರ ಕೇಳಿದಾಗ ಏನು ಹೇಳಲಿ? ಬೇಡ ಅನ್ನುವುದಾದರೆ ಬೇಡ ಎಂದೇ ಬರೆ. ದಯವಿಟ್ಟು ಬೇಗ ಉತ್ತರ ಕೊಡು.