ನೀರಿಗೆ ಮುಖ ಮಾಡಿದ ಬೆಂಚು

16 ನವೆಂಬರ್ 2024, ಶನಿವಾರ. ಸಂಜೆ.

ಸುಣ್ಣದ ಎರಡನೇ ಕೋಟ್ ಮುಗಿಯಿತು. ಕೈ ಉರಿಯುತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದೇನೆ, ಪುಟದ ತುಂಬ ಜಿಡ್ಡು. ಇರಲಿ. ಇದನ್ನು ಯಾರು ಓದಬೇಕು.

ನೀಲಿ ಸ್ವಲ್ಪ ಜಾಸ್ತಿ ಆಯಿತು. ಯೂಟ್ಯೂಬಿನವಳು ಒಂದು ಚಿಟಿಕೆ ಎಂದಳು. ನನ್ನದು ರೊಟ್ಟಿ ಬಡಿಯುವ ಕೈಯ ಚಿಟಿಕೆ... ಗೋಡೆ ಈಗ ಆಕಾಶದ ಬಣ್ಣ. ಮಗಳು ಕಾವ್ಯ ಫೋಟೋ ನೋಡಿ "ಮಮ್ಮಿ, ಸೇಮ್ ಸ್ಯಾಂಟೋರಿನಿ" ಎಂದು ಮೆಸೇಜ್ ಹಾಕಿದಳು. ಗೂಗಲ್ ಮಾಡಿದೆ. ಗ್ರೀಸ್ ಅಂತೆ. ಬೀಳಗಿಯ ಆಚೆ ಗ್ರೀಸ್ ಮಾಡಿಟ್ಟ ಮೊದಲ ಹೆಂಗಸು ನಾನೇ ಇರಬೇಕು.

ಎರಡು ಕೋಣೆ, ಮೇಲೆ ಪತ್ರಾಸಿನ ತಗಡು, ಮುಂದೊಂದು ಪಡಸಾಲೆ. ಪಡಸಾಲೆಯಿಂದ ನೋಡಿದರೆ ಕೃಷ್ಣೆಯ ಹಿನ್ನೀರು, ಕಣ್ಣು ಹೋದಷ್ಟು ದೂರ. ಅತ್ತೆಯ ತವರೂರು ಆ ನೀರಿನ ಕೆಳಗಿದೆ. ಊರು ಮುಳುಗಿದಾಗ ಅತ್ತೆಯ ಅಣ್ಣ ಗಿರಿಮಲ್ಲಪ್ಪ ಮಾವ ಇಲ್ಲಿ, ಪುನರ್ವಸತಿ ಜಾಗದಲ್ಲಿ, ಈ ಮನೆ ಕಟ್ಟಿಕೊಂಡಿದ್ದರು. ಈಗ ಮುಧೋಳದಲ್ಲಿ ಮಗನ ಹತ್ತಿರ ಇದ್ದಾರೆ. ಮನೆ ನಮಗೆ ಬಿಟ್ಟುಕೊಟ್ಟಿದ್ದಾರೆ.

ನಾವಿರುವ ಬನಹಟ್ಟಿಯಲ್ಲಿ ಹಗಲೆಲ್ಲ ಪಾವರ್‌ಲೂಮಿನ ಖಟಖಟ. ಇಲ್ಲಿ ಏನೂ ಇಲ್ಲ. ಒಂದು ಕುರಿ ಕೆಮ್ಮಿದರೆ ಕೇಳುತ್ತದೆ. ನನಗೆ ಈ ಮನೆ ಬೇಕು. ಶನಿವಾರ-ರವಿವಾರ ಬಂದು ಕಾಲು ಚಾಚಿ ಕೂರುವ ರಜೆಯ ಮನೆ. ದುಡ್ಡು ಕಡಿಮೆ, ಹುರುಪು ಜಾಸ್ತಿ, ಹಾಗಾಗಿ ಆಳು ಇಲ್ಲ — ಎಲ್ಲ ನಾನೇ. ಮನೆ ಕಟ್ಟಿ ನೋಡು ಅಂತಾರೆ. ಕಟ್ಟಿದ ಮನೆಗೆ ಸುಣ್ಣ ಬಳಿದು ನೋಡು ಅಂತ ಯಾರೂ ಅನ್ನಲಿಲ್ಲ.

ಇವರು ಏಣಿ ಹಿಡಿದುಕೊಂಡು ಷರತ್ತು ಹಾಕಿದರು. "ನೋಡ ಗಂಗಾ, ಸಂಕ್ರಮಣಕ್ಕ ಅವ್ವ ಬಂದು ಇಲ್ಲೆ ಒಂದ ರಾತ್ರಿ ಮಲಗಿದ್ಲಂದ್ರ ಮನಿ ನಿಂದು. ಇಲ್ಲಂದ್ರ ಕೀಲಿ ಈ ಊರಿನ ಬಸಗೊಂಡಪ್ಪಗ. ಅಂವ ಉಳ್ಳಾಗಡ್ಡಿ ಇಡಾಕ ಜಾಗಾ ಕೇಳಾಕತ್ತಾನ."

"ಅತ್ತಿ ಯಾಕ ಬರಂಗಿಲ್ಲ?"

"ಆಕಿ ಬಸ್ಸಿನಾಗ ಹೋಗುಮುಂದನೂ ಈ ನೀರ ಕಂಡ್ರ ಸೆರಗ ಮುಖಕ್ಕ ಹಾಕ್ಕೋತಾಳ. ನಿನಗ ಗೊತ್ತಿಲ್ಲೇನ?"

ಗೊತ್ತಿದೆ. ಆದರೂ ನನ್ನ ಗ್ರೀಸಿಗೆ ಉಳ್ಳಾಗಡ್ಡಿ ತುಂಬಲು ಬಿಡುವವಳಲ್ಲ.

17 ನವೆಂಬರ್, ರವಿವಾರ

ಬಚ್ಚಲ ಹಿಂದೆ ತಾಡಪತ್ರಿ ಎತ್ತಿ ನೋಡಿದೆ. ಕಟ್ಟಿಗೆಯ ರಾಶಿ. ಗಿರಿಮಲ್ಲಪ್ಪ ಮಾವನಿಗೆ ಫೋನ್ ಮಾಡಿದೆ.

"ಹಳೇ ಊರಿಂದ ಹೇರ್ಕೊಂಡ ಬಂದದ್ದವಾ. ಅರ್ಧಾ ಗೆದ್ದಲ ತಿಂದಾವ. ಉಳಿದದ್ದ ಬೇಕಾದ್ದ ಮಾಡ್ಕೋ."

ಉಳಿದದ್ದು ಒಂದೇ. ಬೇವಿನ ದಪ್ಪ ಹಲಗೆ. ಮಣ್ಣು, ಗಾರೆ ಮೆತ್ತಿಕೊಂಡು ಬಿದ್ದಿತ್ತು. ತೊಳೆದೆ, ಕೆರೆದೆ, ಪಾಲೀಶ್ ಪೇಪರಿನಿಂದ ಉಜ್ಜಿದೆ... ಒಳಗಿನಿಂದ ಬೆಲ್ಲದ ಬಣ್ಣ ಬಂತು. ನಡುವೆ ಸ್ವಲ್ಪ ತಗ್ಗು, ಕೂರಲೆಂದೇ ಮಾಡಿದಂತೆ. ಒಂದು ಕಡೆ ಅರ್ಧಚಂದ್ರದಂತೆ ಮೊಳೆಯ ತೂತುಗಳು. ಡಿಸೈನ್ ಚಂದ ಇದೆ ಎಂದು ಅವನ್ನು ಹಾಗೇ ಬಿಟ್ಟೆ. ಎರಡೂ ತುದಿಗೆ ದೊಡ್ಡ ಗುಳಿ ಇದ್ದವು, ಅವಕ್ಕೆ ಕಟ್ಟಿಗೆ ಪುಡಿ, ಫೆವಿಕಾಲ್ ಕಲಸಿ ತುಂಬಿದೆ.

ಬೆಂಚು. ಪಡಸಾಲೆಯಲ್ಲಿ, ನೀರಿಗೆ ಮುಖ ಮಾಡಿ. ತಲೆಯೊಳಗೆ ಪೂರ್ತಿ ಕಾಣುತ್ತಿದೆ.

ಪಕ್ಕದ ಮನೆಯ ಸೋಮವ್ವ ಕುರಿ ಹೊಡೆದುಕೊಂಡು ಬಂದವಳು ಬೇಲಿ ಹತ್ತಿರ ನಿಂತಳು. "ಏನ್ ಮಾಡಾಕತ್ತೀರಿ ಅಕ್ಕಾರ?"

"ಬೆಂಚು. ಕುಂದರಾಕ."

"ಕಟ್ಟಿ ಐತೆಲ್ಲರಿ ಕುಂದರಾಕ."

ಈ ಪ್ರಶ್ನೆಗೆ ಯೂಟ್ಯೂಬಿನಲ್ಲೂ ಉತ್ತರ ಇಲ್ಲ.

24 ನವೆಂಬರ್, ರವಿವಾರ. ಮಧ್ಯಾಹ್ನ.

ಆತು. ಆತು. ಆತು.

ಹಲಗೆ ಕಂಬಕ್ಕೂ ಗೋಡೆಗೂ ನಡುವೆ ಕೂರಲಿಲ್ಲ, ಒಂದು ಗೇಣು ಉದ್ದ. ಇವರು ಗರಗಸ ಹಿಡಿದು ಕೊಯ್ದರು. ಬೇವು ಕಬ್ಬಿಣದಂತೆ ಇತ್ತು, ಅರ್ಧಕ್ಕೆ ಬರುವಷ್ಟರಲ್ಲಿ ಬನಿಯನ್ ಹಿಂಡಿದರೆ ನೀರು. ಕಾಲಿಗೆ ನಮ್ಮ ಲೂಮಿನ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಕಟ್ಟಿಗೆ ತುಂಡುಗಳು. ಜಮಖಂಡಿಯಿಂದ ತಂದ ಕ್ಲಾಂಪು, ಸ್ಕ್ರೂ. ಡ್ರಿಲ್ ಮಷಿನ್ ನನ್ನ ಕೈಯಲ್ಲಿ — ಇವರಿಗೆ ಕೊಡಲಿಲ್ಲ. ಕೊಯ್ದ ಗೇಣುದ್ದದ ತುಂಡನ್ನೂ ಬಿಸಾಡಲಿಲ್ಲ. ಒಳಗೆ ಪ್ಲಗ್ಗಿನ ಕೆಳಗೆ ಗೋಡೆಗೆ ಬಡಿದೆ, ಮೊಬೈಲ್ ಚಾರ್ಜಿಗಿಡುವ ಸ್ಟ್ಯಾಂಡ್ ಆಯಿತು.

ಎಣ್ಣೆ ಹಚ್ಚಿದೆ. ಕೂತೆವು. ಚಹ ಕುಡಿದೆವು. ನೀರಿನ ಮೇಲೆ ಬಿಸಿಲು. ಇವರು ಹಲಗೆಯನ್ನು ಎರಡು ಸಲ ತಟ್ಟಿದರು. ಮದುವೆಯಾದಾಗಿನಿಂದ ಇವರು ಹೊಗಳಿದ್ದು ಹೀಗೇ, ತಟ್ಟಿ.

ನನಗೆ ಇವತ್ತಿನಷ್ಟು ಖುಷಿ ಆಗಿ ಎಷ್ಟು ವರ್ಷವಾಯಿತೋ. ಸಹಕಾರಿ ಸಂಘದಲ್ಲಿ ದಿನವಿಡೀ ಠಸ್ಸೆ ಒತ್ತುವ ಕೈ ಇದು. ಈ ಕೈ ಒಂದು ಬೆಂಚು ಮಾಡಿದೆ.

1 ಡಿಸೆಂಬರ್, ರವಿವಾರ. ಬನಹಟ್ಟಿ.

ಈ ವಾರ ಹೋಗಲಿಲ್ಲ. ಪರದೆ ಹೊಲಿದೆ. ಲೂಮಿನಲ್ಲಿ ಎಳೆ ತಪ್ಪಿ ಡ್ಯಾಮೇಜ್ ಆದ ಸೀರೆಗಳು, ಕೆಂಪು ಸೆರಗು, ಹಸಿರು ಅಂಚು. ನೂಲು ಖಾಲಿಯಾದ ಬಾಬಿನ್‌ಗಳನ್ನು ಹಲಗೆಗೆ ಸಾಲಾಗಿ ಕೂಡಿಸಿ ಅಂಗಿ ಸಿಗಿಸುವ ಗೂಟ ಮಾಡಿದೆ.

ಅತ್ತೆಗೆ ಫೋಟೋ ತೋರಿಸಲು ಹೋದೆ. "ನನಗ ಕಣ್ಣ ಕಾಣ್ಸೂದಿಲ್ಲ." ಅದೇ ಅತ್ತೆ ಬಾಗಿಲಲ್ಲಿ ಫೋನ್ ಹಿಡಿದು ಕೂತಿದ್ದ ಕಾವ್ಯಳನ್ನು ಅಡುಗೆಮನೆಯಿಂದಲೇ ಕಂಡರು. "ಹೊಸ್ತಿಲ ಮ್ಯಾಲೆ ಕುಂದರಬ್ಯಾಡ ಬೇ. ಏಳ."

ಈ ಮನೆಯಲ್ಲಿ ಹೊಸ್ತಿಲು ಅಂದರೆ ಹುಡುಗಾಟವಲ್ಲ. ಬೆಳಿಗ್ಗೆ ಅದಕ್ಕೆ ಅರಿಷಿಣ, ಕುಂಕುಮ, ಹೂವು ಆದ ಮೇಲೆಯೇ ಅತ್ತೆಗೆ ಚಹ. ಜ್ವರ ಬಂದರೂ ತಪ್ಪಿಸಿಲ್ಲ.

ಸಂಕ್ರಮಣದ ಮಾತು ತೆಗೆದೆ. ಅತ್ತೆ ಎದ್ದು ಹಿತ್ತಲಿಗೆ ಹೋದರು.

5 ಜನವರಿ 2025, ರವಿವಾರ

ತಿಂಗಳು ಬರೆದಿಲ್ಲ. ಬರೆಯಲು ಮನಸ್ಸೇ ಇರಲಿಲ್ಲ. ಕೇಳಿದಾಗಲೆಲ್ಲ ಅತ್ತೆ ಹಿತ್ತಲಿಗೆ. ಬಸಗೊಂಡಪ್ಪ ಬಂದು ಮನೆ ಅಳೆದು ಹೋದನಂತೆ, ಸೋಮವ್ವ ಫೋನ್ ಮಾಡಿ ಹೇಳಿದಳು. "ಪರದಿ ಬಿಚ್ಚಬೇಕಾಗತೈತಿ ಅಂದಾನ್ರಿ ಅಕ್ಕಾರ, ಗಾಳಿ ಬೇಕಂತ ಉಳ್ಳಾಗಡ್ಡಿಗೆ."

ಇವತ್ತು ಬೆಳಿಗ್ಗೆ ಸುಮ್ಮನೆ ಅಂದೆ. "ಅತ್ತಿ, ಸಂಕ್ರಮಣಕ್ಕ ಹೊಳಿಗೆ ಒಯ್ಯಾಕ ನಾನ ಸಜ್ಜಿ ರೊಟ್ಟಿ ಬಡೀತೇನ್ರಿ."

ಅತ್ತೆ ನನ್ನ ಕಡೆ ನೋಡಿದರು. "ನಿನ್ನ ರೊಟ್ಟಿ ಒಯ್ದ್ರ ಹೊಳಿ ಮುನಿಸಿಕೋತೈತಿ. ನಾನ ಬರ್ತೇನಿ."

ಬರುತ್ತಾರೆ! ನನ್ನ ರೊಟ್ಟಿ ದಪ್ಪ ಎಂದು ಇಷ್ಟು ವರ್ಷ ಬೈಸಿಕೊಂಡದ್ದು ಸಾರ್ಥಕವಾಯಿತು.

13 ಜನವರಿ, ಸೋಮವಾರ. ಭೋಗಿ. ಬೆಳಿಗ್ಗೆ 11.

ಬಂದರು. ಬಸ್ಸಿನಿಂದ ಇಳಿದಾಗ ಸೆರಗು ಮುಖದ ಮೇಲಿತ್ತು, ಒಳಗೆ ಬಂದ ಮೇಲೆ ತೆಗೆದರು. ಗೋಡೆ ಮುಟ್ಟಿದರು. "ಛಲೋ ಬಳದೀದಿ." ಪರದೆ ನೋಡಿದರು. "ಕಿಡಕಿಗೆ ಸೀರಿ ಉಡಿಸೀದೇನ ಬೇ?" ನಕ್ಕರು. ಖರೆ, ನಕ್ಕರು. ಕಾವ್ಯ ವಿಡಿಯೋ ಮಾಡಿದ್ದಾಳೆ, ಸಾಕ್ಷಿ ಇದೆ.

ಬುತ್ತಿ ಬಿಚ್ಚಿದ ಮೇಲೆ ಪಡಸಾಲೆಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಬೇಕು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಅದೇ ದಿನ. ಸಂಜೆ.

ಎಲ್ಲ ಕೆಟ್ಟಿತು.

ಕೈ ಹಿಡಿದು ಕರೆತಂದೆ. ಕೂರುವ ಮುನ್ನ ಅತ್ತೆ ಹಲಗೆ ಮುಟ್ಟಿದರು. ಕೈ ನಡುವಿನ ತಗ್ಗಿಗೆ ಹೋಯಿತು. ಆಮೇಲೆ ಆ ಮೊಳೆಯ ತೂತುಗಳಿಗೆ. ಬೆರಳು ಒಂದೊಂದನ್ನೇ ಮುಟ್ಟುತ್ತ ಹೋಯಿತು.

"ಇದರಾಗಿನ ಕುದರಿ ಲಾಳ ಎಲ್ಲಿ?"

"ಯಾವ ಲಾಳರಿ ಅತ್ತಿ?"

"ನಮ್ಮಪ್ಪ ಬಡದಿದ್ದ. ದೃಷ್ಟಿ ಆಗಬಾರದಂತ." ತೂತಿನ ಮೇಲಿನ ಬೆರಳು ತೆಗೆಯದೆ, "ಇದು ನಮ್ಮವ್ವನ ಮನಿ ಹೊಸ್ತಿಲ, ಗಂಗಾ."

ನಾನು ಹಲಗೆಗೆ ಬಗ್ಗಿ ನೋಡಿದೆ. ನಡುವಿನ ತಗ್ಗು ಕೂರಲು ಮಾಡಿದ್ದಲ್ಲ, ಅಷ್ಟು ಕಾಲು ತುಳಿದು ಸವೆದದ್ದು. ನಾನು ಫೆವಿಕಾಲ್ ತುಂಬಿದ ಗುಳಿಗಳು ಬಾಗಿಲ ಚೌಕಟ್ಟು ನಿಂತ ಜಾಗ. ದಿನಾ ಹೊಸ್ತಿಲು ದಾಟುವವಳಿಗೆ, ಬಾಗಿಲಿಂದ ಕಿತ್ತು ಬಿದ್ದ ಹೊಸ್ತಿಲು ಗುರುತು ಹತ್ತಲಿಲ್ಲ.

"ಇನ್ನೊಂದ ಗೇಣ ಎಲ್ಲಿ?" ಕೊಯ್ದ ತುದಿ ಮುಟ್ಟಿ ಅತ್ತೆ ಕೇಳಿದರು.

ಒಳಗೆ ತೋರಿಸಿದೆ. ಅದರ ಮೇಲೆ ನನ್ನ ಫೋನು, ಇವರ ಫೋನು ಚಾರ್ಜಿಗೆ ಹತ್ತಿದ್ದವು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎರಡೂ ತುಂಡು ಕೂಡಿಸಿ, ಪಟ್ಟಿ ಬಡಿದು ಬಾಗಿಲಿಗೆ ಹಾಕುತ್ತೇನೆ ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಕೊಯ್ದ ಹೊಸ್ತಿಲ ಬಾಗಲಕ್ಕ ಬರಂಗಿಲ್ಲ. ಕುಂದರಾಕೂ ಬರಂಗಿಲ್ಲ. ನಾಳೆ ಹೊಳಿಗೆ ಬಿಡೂಣು. ಅದರ ಊರ ಅಲ್ಲೇ ಐತಿ."

ಆಮೇಲೆ ಚೀಲ ತೆಗೆದುಕೊಂಡು ಸೋಮವ್ವನ ಮನೆಗೆ ಹೋದರು. ರಾತ್ರಿ ಅಲ್ಲೇ ಮಲಗುತ್ತಾರಂತೆ. ನಾಳೆ ಮಧ್ಯಾಹ್ನದ ಬಸ್ಸಿಗೆ ಬನಹಟ್ಟಿ.

ಇವರೂ ನನ್ನನ್ನು ಬೈಯಲಿಲ್ಲ. ಬಾಬಿನ್ ಗೂಟದಿಂದ ಅಂಗಿ ತೆಗೆದು ಮಡಚಿದರು. ಕೀಲಿ ಬಸಗೊಂಡಪ್ಪನಿಗೆ. ಷರತ್ತು ಷರತ್ತೇ.

ನನಗೆ ಅಳು ಬಂತು. ಬೆಂಚಿಗೋ, ಅತ್ತೆಗೋ, ಗೊತ್ತಿಲ್ಲ. ಎರಡಕ್ಕೂ ಇರಬೇಕು.

14 ಜನವರಿ, ಮಂಗಳವಾರ. ಸಂಕ್ರಮಣ. ಸಂಜೆ 4.

ಮೊದಲಿಂದ ಬರೆಯಬೇಕು.

ಬೆಳಿಗ್ಗೆ ಸ್ಕ್ರೂ ಬಿಚ್ಚಿದೆ. ಹಾಕುವಾಗ ಎಷ್ಟು ಹುರುಪಿತ್ತು... ಇರಲಿ. ಇವರು, ನಾನು ಹಲಗೆ ಹೊತ್ತೆವು, ಕಾವ್ಯ ಸಣ್ಣ ತುಂಡು ಹಿಡಿದಳು. ಅತ್ತೆ ಎಳ್ಳು, ಅರಿಷಿಣ, ಎಲೆ ತಂದರು. ದಡದ ತನಕ ಸೆರಗು ಮುಖದ ಮೇಲೇ ಇತ್ತು. ಸೋಮವ್ವ ಕೈ ಹಿಡಿದು ನಡೆಸಿದಳು.

ಸ್ನಾನ ಆಯಿತು. ಹಲಗೆಗೆ ಅರಿಷಿಣ ಬಳಿದರು, ಮನೆಯಲ್ಲಿ ಬಳಿಯುವ ಹಾಗೆಯೇ, ಎಡದಿಂದ ಬಲಕ್ಕೆ. ಮೊದಲು ಸಣ್ಣ ತುಂಡು ಬಿಟ್ಟರು. ಅದು ತಿರುಗುತ್ತ ತಿರುಗುತ್ತ ದೂರ ಹೋಯಿತು, ಕಾಣದಾಯಿತು. ಆಮೇಲೆ ದೊಡ್ಡದು. ಇವರು ನಡುಮಟ ನೀರಿಗಿಳಿದು ತಳ್ಳಿದರು.

ಹಲಗೆ ಸ್ವಲ್ಪ ದೂರ ಹೋಯಿತು. ನಿಂತಿತು. ಅಷ್ಟರಲ್ಲಿ ಗಾಳಿ ದಡದ ಕಡೆಗೆ ತಿರುಗಿತ್ತು. ವಾಪಸ್ ಬಂತು.

ಇವರು ಮತ್ತೆ ತಳ್ಳಿದರು, ಈ ಸಲ ಎದೆಮಟ ನೀರಿನ ತನಕ ಹೋಗಿ. ಹೋಯಿತು... ಸುತ್ತು ಹಾಕಿ ಮತ್ತೆ ಬಂತು. ಬಂದು ಅತ್ತೆಯ ಕಾಲಿಗೇ ತಾಗಿತು.

"ಒಣಾ ಬೇವ ಮುಳುಗಂಗಿಲ್ಲ ಬಿಡವಾ," ಇವರು ನಡುಗುತ್ತ ಅಂದರು.

ಮೂರನೆಯ ಸಲ ಅತ್ತೆಯೇ ತಳ್ಳಬೇಕೆಂದು ಬಗ್ಗಿದರು. ಬಗ್ಗಿದಾಗ ಸೆರಗು ಜಾರಿತು. ಸರಿಪಡಿಸಿಕೊಳ್ಳಲಿಲ್ಲ. ಹಲಗೆಯ ಮೇಲೆ ಕೈ ಇಟ್ಟು ಹಾಗೇ ನೀರು ನೋಡಿದರು. ಬಹಳ ಹೊತ್ತು ನೋಡಿದರು. ಕಾವ್ಯ ಫೋನ್ ಇಳಿಸಿದಳು.

"ಅಕಾ ಅಲ್ಲೆ ಇತ್ತ ನಮ್ಮ ಮನಿ," ಕೈ ತೋರಿಸಿದರು. "ಹುಣಸಿ ಗಿಡದ ಆಚೀಕ." ಅಲ್ಲಿ ಬರೀ ನೀರಿತ್ತು. ನಾವೆಲ್ಲ ಹೂಂ ಅಂದೆವು.

ಆಮೇಲೆ ಹಲಗೆಯನ್ನು ತಟ್ಟಿದರು, ಇವರು ತಟ್ಟುವ ಹಾಗೆಯೇ. ಇವರಿಗೆ ಎಲ್ಲಿಂದ ಬಂತು ಈ ರೂಢಿ ಎಂದು ಇವತ್ತು ಗೊತ್ತಾಯಿತು.

"ಇದಕ್ಕೂ ನೀರಾಗ ಇರೂ ಮನಸ್ಸಿಲ್ಲ. ನಡೀರಿ, ಹೊರಗ ತಗೀರಿ."

"ಮತ್ತ ಕುಂದರಾಕೂ ಬರಂಗಿಲ್ಲ ಅಂದಿದ್ರಿ?" ನಾನು ಕೇಳಿದೆ. ಮತ್ತೆ ನನ್ನ ಬಾಯಿ.

"ಬಾಗಲದಾಗ ಇದ್ರ ಹೊಸ್ತಿಲ. ಬಾಗಲ ಹೋಗಿ ಎಷ್ಟ ವರ್ಷಾತು. ಹಲಗಿ ಇದು. ಕಾಲ ಹಚ್ಚ."

ನಾನು ಓಡಿದೆ. ಈ ವಯಸ್ಸಿಗೆ, ಒದ್ದೆ ಸೀರೆಯಲ್ಲಿ, ದಂಡೆಯಿಂದ ಮನೆ ತನಕ ಓಡಿದೆ. ಡ್ರಿಲ್, ಕ್ಲಾಂಪು, ಸ್ಕ್ರೂ. ಒಂದು ಸ್ಕ್ರೂ ಸಿಗಲಿಲ್ಲ, ಸೋಮವ್ವ ಕುರಿದೊಡ್ಡಿಯಿಂದ ಮೊಳೆ ತಂದುಕೊಟ್ಟಳು. ಬೆಂಚು ಈಗ ಒಂದು ಕಡೆ ಸ್ವಲ್ಪ ಅಲುಗುತ್ತದೆ. ಅರಿಷಿಣ ಒರೆಸಿಲ್ಲ.

ಮಧ್ಯಾಹ್ನದ ಬಸ್ಸು ಹೋಯಿತು. ಅತ್ತೆ ಅದರ ಹೆಸರೆತ್ತಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ತಿಂದು, ಹಾಸಿಗೆ ಎಲ್ಲಿ ಹಾಸುತ್ತೀ ಎಂದು ಕೇಳಿದರು. ಇವರು ಬಸಗೊಂಡಪ್ಪನಿಗೆ ಫೋನ್ ಹಚ್ಚಿ, ಉಳ್ಳಾಗಡ್ಡಿಗೆ ಬೇರೆ ಜಾಗ ನೋಡು ಎನ್ನುತ್ತಿದ್ದಾರೆ, ಇಲ್ಲಿಗೆ ಕೇಳುತ್ತಿದೆ.

ಈಗ ಅತ್ತೆ ಪಡಸಾಲೆಗೆ ಬಂದರು. ನಾನು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಂಚಿನ ಮುಂದೆ ನಿಂತಿದ್ದಾರೆ. ಕೂರುತ್ತಾರೋ ಇಲ್ಲವೋ.

"ಸಣ್ಣಾಕಿ ಇದ್ದಾಗ ಇದರ ಮ್ಯಾಲೆ ಕುಂತ್ನಿ ಅಂದ್ರ ನಮ್ಮವ್ವ ಒಳಗಿಂದ ಒದರತಿದ್ಲು," ಎಂದರು. ನನಗಲ್ಲ, ಯಾರಿಗೂ ಅಲ್ಲ.

ಕೂತರು. ನಡುವಿನ ತಗ್ಗಿನಲ್ಲಿ. ಕೈ ತೊಡೆಯ ಮೇಲೆ. ನೀರಿಗೆ ಮುಖ ಮಾಡಿ, ಮೆಲ್ಲಗೆ —

"ಕುಂತೇನಿ ಯವ್ವಾ. ಈಗರೆ ಒದರ."

ಕಾಯುತ್ತಿದ್ದಾರೆ. ನಾನೂ ಪೆನ್ನು ಎತ್ತಿ ಕಾಯುತ್ತೇನೆ.