ಕರಡಿಯ ಪಕ್ಕದಲ್ಲಿ ನನ್ನ ಹಲ್ಲು

ಅಕ್ಕಾ,

ಹತ್ತು ವರ್ಷ ನೀನು ಬೈದರೂ ಕೀಳಿಸದ ಹುಳುಕು ಹಲ್ಲಿನ ಸಮೇತ ಇಲ್ಲಿಗೆ ಬಂದು ಕೆಲಸಕ್ಕೆ ಸೇರಿದೆ. ನಮ್ಮ ಯಜಮಾನರು ಕಲ್ಲಾಗಿ ಹೋದ ಪ್ರಾಣಿಗಳ ಹಲ್ಲು, ಮೂಳೆ ಕೂಡಿಡುತ್ತಾರೆ. ಅದೂ ರೋಗ ಬಂದದ್ದು, ಸೊಟ್ಟಗಾದದ್ದು ಮಾತ್ರ. ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಮೊನ್ನೆ ಯಾರೋ ಲಕ್ಷಣವಾದ ಹಲ್ಲು ತಂದರೆ, "ಇದಕ್ಕೇನೂ ಆಗೇ ಇಲ್ವಲ್ರೀ!" ಎಂದು ಮುಖ ಸಿಂಡರಿಸಿ ವಾಪಸು ಕಳಿಸಿದರು. ಆಮೇಲೆ ನನ್ನ ಊದಿದ ಕೆನ್ನೆ ಕಂಡು, ಭೂತಗನ್ನಡಿ ಹಿಡಿದು ಬಾಯೊಳಗೆ ಇಣುಕಿ, "ಆಹಾ, ನಮ್ಮ ಕಲ್ಲಾದ ಕರಡಿ ಹಲ್ಲಿಗೂ ಇಂಥ ಹುಳುಕಿಲ್ಲ! ಕೀಳಿಸಿದ್ರೆ ನಂಗೇ ಕೊಡ್ಬೇಕು" ಎಂದರು. ನನ್ನ ಹಲ್ಲನ್ನು ಹೊಗಳಿದವರು ಇವರೊಬ್ಬರೇ. ಕರಗಿಹೋಗಿ ಇವತ್ತು ಕೀಳಿಸಿಬಿಟ್ಟೆ. ಹಲ್ಲು ಹೋಯಿತು, ಸೊಲ್ಲು ಉಳಿಯಿತು, ಜ್ವರವಿಲ್ಲ, ಗಾಬರಿಯಾಗಬೇಡ. ಅದೀಗ ಕರಡಿಯ ಹಲ್ಲಿನ ಪಕ್ಕ ಹತ್ತಿಯ ಮೇಲೆ ಮಲಗಿದೆ. ಚೀಟಿ ನಾನೇ ಬರೆದೆ: "ರೋಗಕ್ಕೆ ಕಾರಣ: ಅಕ್ಕನ ಮಾತು ಕೇಳದಿರುವುದು."

ಕಾರ್ಡು ತುಂಬಿತು.

ನಿನ್ನ ಬೊಚ್ಚುಬಾಯಿ ತಮ್ಮ