ಮದಾಮ್ ಇಗ್ಲಾಲ್ ಬಡಿದು ನೋಡಿದ ಬೆಳ್ಳಕ್ಕಿ

ಗಮಾಲಿಯಾ, ಕೈರೋ
ಫೆಬ್ರವರಿ ಹತ್ತು, ಮಂಗಳವಾರ

ಪ್ರೀತಿಯ ಮೊಮ್ಮಗ ಸಫ್ವತ್‌ಗೆ,

ನಾಚಿಕೆಯಾಗುವುದಿಲ್ಲವೇ ನಿನಗೆ? ನಾಲ್ಕು ತಿಂಗಳಾಯಿತು, ಒಂದು ಕಾಗದವಿಲ್ಲ. ಸೈನ್ಯದವರು ಫೋನು ತೆಗೆದಿಟ್ಟುಕೊಂಡರು ಅಂತ ನಿನ್ನಮ್ಮ ಹೇಳಿದಳು, ಒಪ್ಪಿದೆ. ಪೆನ್ನನ್ನೂ ತೆಗೆದಿಟ್ಟುಕೊಂಡರೇ? ಊರಿನ ಮಸೀದಿ ಶಾಲೆಯಲ್ಲಿ ಮೂರೇ ವರ್ಷ ಕೂತು ಎದ್ದು ಬಂದ ನಾನು ಕನ್ನಡಕ ಒರೆಸಿಕೊಂಡು ಇಷ್ಟುದ್ದ ಬರೆಯುತ್ತಿದ್ದೇನೆ. ಡಿಪ್ಲೊಮಾ ಓದಿದ ನಿನಗೆ ‘ಅಜ್ಜಿ, ಬದುಕಿದ್ದೇನೆ’ ಅಂತ ಎರಡು ಪದ ಗೀಚಲು ಬೆರಳು ನೋಯುತ್ತದೆಯೇ? ಅಜ್ಜನ ಮೇಲಿನ ಸಿಟ್ಟು ಅಜ್ಜನ ಮೇಲಿರಲಿ. ನನ್ನ ಮೇಲೆ ಯಾಕೆ? ನಾನೇನು ನಿನ್ನ ಬೆಳ್ಳಕ್ಕಿಗೆ ಕಲ್ಲು ಹೊಡೆದೆನೇ?

ಇರಲಿ. ಆರೋಗ್ಯ ಹೇಗಿದೆ? ಆ ಮರಳುಗಾಡಿನ ಚಳಿಗೆ ಎದೆ ಕಟ್ಟುತ್ತದೆಯೇ? ನಾನು ಹೆಣೆದುಕೊಟ್ಟ ಉಣ್ಣೆಯ ಬನಿಯನ್ನು ಹಾಕಿಕೊಳ್ಳುತ್ತೀಯೋ, ಜೊತೆಗಾರರು ನಗುತ್ತಾರೆ ಅಂತ ಚೀಲದ ತಳಕ್ಕೆ ತುರುಕಿದ್ದೀಯೋ? ನಗುವವರಿಗೂ ಒಂದೊಂದು ಹೆಣೆದು ಕಳಿಸುತ್ತೇನೆ, ಬಾಯಿ ಮುಚ್ಚುತ್ತಾರೆ. ಇಲ್ಲಿ ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ನಿನ್ನಜ್ಜ, ಎರಕದ ಮೇಸ್ತ್ರಿ ಉಸ್ತಾ ಮಹ್ರೂಸ್, ಕೆಮ್ಮುತ್ತಾರೆ. ಬೀಡಿ ಬಿಟ್ಟಿದ್ದೇನೆ ಅಂತ ನನ್ನೆದುರು ಆಣೆ ಹಾಕಿ, ಕುಲುಮೆಯ ಹಿಂದೆ ಹೋಗಿ ಸೇದುತ್ತಾರೆ. ಐವತ್ತು ವರ್ಷದಿಂದ ಅದೇ ಕುಲುಮೆ, ಅದೇ ಹಿಂದುಗಡೆ, ಅದೇ ಸುಳ್ಳು.

ಈಗ ಸುದ್ದಿ ಕೇಳು. ಕಳೆದ ತಿಂಗಳು ಸಿನಿಮಾ ಸಂಘದ ಪ್ರಶಸ್ತಿ ಸಮಾರಂಭ ಆಯಿತು. ಗೆದ್ದವರಿಗೆ ಕೊಡುವ ಹದಿನೆಂಟು ಹಿತ್ತಾಳೆ ಬೆಳ್ಳಕ್ಕಿ ಎರಕ ಹೊಯ್ದು, ಉಜ್ಜಿ, ಹೊಳಪು ಕೊಟ್ಟು, ಹಳೇ ಕಂಬಳಿಯಲ್ಲಿ ಸುತ್ತಿ ಒಯ್ದೆವು. ನೀನಿಲ್ಲದ ಮೊದಲನೇ ವರ್ಷ. ಹೊರಲು ನಿನ್ನಜ್ಜ, ತಿರುಪು ಮೊಳೆ ಬಿಗಿಯಲು ನಾನು. ಪರದೆಯ ಹಿಂದಿನ ನಮ್ಮ ಮೇಜು ಅದೇ ಜಾಗದಲ್ಲಿತ್ತು. ಲಕೋಟೆ ಒಡೆಯುವವರೆಗೆ ಯಾರು ಗೆದ್ದರೆಂದು ನಮಗೂ ಹೇಳುವುದಿಲ್ಲವಲ್ಲ. ಅದಕ್ಕೆ ಎಲ್ಲ ಸ್ಪರ್ಧಿಗಳ ಹೆಸರಿನ ತಗಡನ್ನೂ ಕೆತ್ತಿ ಡಬ್ಬಿಯಲ್ಲಿಟ್ಟುಕೊಂಡು ಕೂರುವುದು, ಗೆದ್ದವರು ವೇದಿಕೆಯಿಂದ ಇಳಿದು ಬಂದ ಮೇಲೆ ಬೆಳ್ಳಕ್ಕಿಯ ಪಾದಕ್ಕೆ ಅವರ ತಗಡು ಬಿಗಿಯುವುದು, ಸೋತವರ ತಗಡನ್ನು ಮಾರನೆಯ ದಿನ ಕುಲುಮೆಗೆ ಹಾಕುವುದು. ನಿನಗೆ ಗೊತ್ತಿರುವುದೇ. ಬರೆಯುತ್ತಾ ಬರೆಯುತ್ತಾ ನೀನು ಪಕ್ಕದಲ್ಲಿ ಕೂತು ಡಬ್ಬಿ ಜೋಡಿಸುತ್ತಿದ್ದೀಯ ಅನ್ನಿಸಿತು, ಅದಕ್ಕೆ ಬರೆದೆ.

ಜನ ಈ ಸಿನಿಮಾದವರನ್ನು ಆಡಿಕೊಳ್ಳುತ್ತಾರೆ, ನಾನೂ ಕಡಿಮೆ ಆಡಿಕೊಂಡವಳಲ್ಲ. ಎರವಲು ತಂದ ಒಡವೆ, ಅದನ್ನು ಕಾಯಲು ಹಿಂದೆ ಹಿಂದೆ ನಡೆಯುವ ಕಾವಲುಗಾರ, ಬೆನ್ನಿಗೆ ಗುಂಡುಸೂಜಿ ಚುಚ್ಚಿ ಬಿಗಿ ಮಾಡಿದ ಗೌನು, ಬೆಳಗಾದರೆ ಅಂಗಡಿಗೆ ವಾಪಸು. ಆದರೆ ಸಫ್ವತ್, ಪರದೆಯ ಹಿಂದೆ ಕೂತು ನೋಡಿದವರಿಗೆ ಮಾತ್ರ ಗೊತ್ತು ಇವರ ದುಡಿಮೆ. ದರ್ಜಿ ಹೆಂಗಸೊಬ್ಬಳು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಾಲ್ಕು ತಾಸು ಮೊಣಕಾಲೂರಿ ಕೂತಿದ್ದಳು. ಈ ಸಲ ಗೆದ್ದ ನಾಯಕನಟ ಇದ್ದಾನಲ್ಲ, ಉದ್ದ ಮೂಗಿನವನು, ತಗಡು ಬಿಗಿಯುವಷ್ಟು ಹೊತ್ತೂ ದೀಪದವರ ಹೆಸರು ಒಂದೊಂದಾಗಿ ಹೇಳಿಕೊಂಡು ಅತ್ತ. “ವೇದಿಕೆ ಮೇಲೆ ಮರ್ತೆ ಹಾಜ್ಜಾ, ಮೂರು ಜನರನ್ನ ಮರ್ತೆ!” ಅಂತ ಹಣೆ ಹೊಡೆದುಕೊಂಡ. ಸೋತ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು, ತನ್ನ ಹೆಸರಿನ ತಗಡು ನೋಡಿ, “ಇದನ್ನ ಕರಗಿಸ್ಬೇಡಿ, ಮುಂದಿನ ವರ್ಷಕ್ಕೆ ಇಟ್ಕೊಳ್ಳಿ, ಬರ್ತೀನಿ” ಅಂದಳು. ಇಟ್ಟುಕೊಂಡಿದ್ದೇನೆ. ಅಂಥ ಬಾಯಿಯವಳು ಬಂದೇ ಬರುತ್ತಾಳೆ.

ಇನ್ನು ಮುಖ್ಯ ಸಂಗತಿ. ಜೀವಮಾನದ ಸಾಧನೆಯ ಬೆಳ್ಳಕ್ಕಿ ಈ ಸಲ ಮದಾಮ್ ಇಗ್ಲಾಲ್‌ಗೆ. ನಲವತ್ತೈದು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಸಿನಿಮಾ ರೀಲುಗಳನ್ನು ಕತ್ತರಿಸಿ ಅಂಟಿಸಿದ ಹೆಂಗಸು. ಅವಳ ಮುಖ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ನಾವು ಅತ್ತ ಜಾಗದಲ್ಲೆಲ್ಲ ನಮ್ಮನ್ನು ಅಳಿಸಿದ್ದು ಅವಳ ಕತ್ತರಿ. ಈಗ ಆ ಬೆರಳುಗಳು ಸಂಧಿವಾತದಿಂದ ಶುಂಠಿ ಬೇರಿನ ಹಾಗೆ ತಿರುಚಿವೆ. ಮಧ್ಯಾಹ್ನ ತಾಲೀಮಿಗೆ ಬಂದಾಗ ನೋಡಿದೆ, ಚಹಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾಳೆ. ತಾಲೀಮಿಗೆ ಚಿನ್ನದ ಬಣ್ಣ ಬಳಿದ ಪ್ಲಾಸ್ಟರ್ ಬೆಳ್ಳಕ್ಕಿ ಕೊಡುತ್ತಾರಲ್ಲ, ಅದನ್ನು ಕೊಟ್ಟರು. ವ್ಯವಸ್ಥಾಪಕ ರಿಫ್ಕಿ, ಒಳ್ಳೆಯವನೇ, ಆದರೆ ನಾಲಗೆಗೆ ಲಗಾಮಿಲ್ಲ, “ಮದಾಮ್, ಇದು ಹಗುರ. ಸಂಜೆ ಬರೋದು ನಾಲ್ಕು ಕಿಲೋ. ನೀವು ಸುಮ್ನೆ ಕೈ ಮುಟ್ಟಿಸಿ, ನಿರೂಪಕ ಹಿಡ್ಕೋತಾನೆ” ಅಂದ. ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಹಿಡ್ಕೊಳ್ಳೋನು ಅವನಾದ್ರೆ ಪ್ರಶಸ್ತೀನೂ ಅವನಿಗೇ ಕೊಟ್ಬಿಡಿ ರಿಫ್ಕಿ. ನಾನು ಮನೇಲಿ ಕೂತು ಟೀವೀಲಿ ನೋಡ್ತೀನಿ.” ಅಷ್ಟು ಹೇಳಿ ಕೈಗಳನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡಳು.

ನನಗೆ ಎರಡು ವರ್ಷದ ಹಿಂದಿನದು ನೆನಪಾಯಿತು. ಆ ಮುದಿ ಮೇಕಪ್ಪಿನವನ ಕೈಯಿಂದ ಬೆಳ್ಳಕ್ಕಿ ಜಾರಿ ಪಾದದ ಮೇಲೆ ಬಿದ್ದು, ಕುಂಟುತ್ತಾ ವೇದಿಕೆ ಇಳಿದನಲ್ಲ. ಅವತ್ತು ಮನೆಗೆ ಬಂದವನೇ ನೀನು ಅಜ್ಜನಿಗೆ ಹೇಳಿದ್ದು, ಒಳಗೆ ಟೊಳ್ಳು ಮಾಡಿ ಹೊಯ್ಯೋಣ, ಹಗುರವಾಗುತ್ತದೆ ಅಂತ. ಮಾಡಿಯೂ ತೋರಿಸಿದೆ. ಅದಕ್ಕೆ ಅವರು ಅಂದದ್ದು ನಿನಗೂ ಮರೆತಿಲ್ಲ, ನನಗೂ ಮರೆತಿಲ್ಲ: “ನನ್ನಪ್ಪ ಗಟ್ಟಿ ಹೊಯ್ದ, ನಾನು ಗಟ್ಟಿ ಹೊಯ್ದೆ. ಟೊಳ್ಳು ಮಾಡೋನು ತಾನೂ ಟೊಳ್ಳೇ.” ನೀನು ಮಾಡಿದ್ದನ್ನು ತುಕಡಿ ಪೆಟ್ಟಿಗೆಗೆ ಎಸೆದರು. ನೀನು ಹೊರಡುವ ದಿನ ಅವರ ಕೈಗೆ ಮುತ್ತಿಡಲಿಲ್ಲ, ಸೈನ್ಯ ಮುಗಿದರೆ ಹುರ್ಘಾದಾದ ಹೋಟೆಲಿಗೆ ಸೇರುತ್ತೇನೆ, ಕುಲುಮೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದೆ. ಅವರು ಇದ್ದಿಲು ಕೆದಕುತ್ತಾ ಕೂತಿದ್ದರು. ಕೇಳಿಸಲಿಲ್ಲ ಅಂದುಕೊಂಡೆಯಾ?

ನಿನ್ನ ಬೆಳ್ಳಕ್ಕಿಯನ್ನು ಪೆಟ್ಟಿಗೆಯಿಂದ ಎತ್ತಿ ಗೋಧಿಹಿಟ್ಟಿನ ಡಬ್ಬದಲ್ಲಿ ಹೂತಿಟ್ಟವಳು ನಾನು. ಈ ಸಲ ತಾಲೀಮು ಮುಗಿದ ಕೂಡಲೇ ಊಟದ ನೆಪ ಹೇಳಿ ಮನೆಗೆ ಬಂದೆ, ಹಿಟ್ಟು ಕೊಡವಿ, ನಿಂಬೆ ಬೂದಿ ಹಚ್ಚಿ ತಿಕ್ಕಿ, ಗಲಾಬಿಯ ನಿಲುವಂಗಿಯೊಳಗೆ ಬಚ್ಚಿಟ್ಟುಕೊಂಡು ಹೋದೆ. ಸಾಲಿನ ಕೊನೆಯಲ್ಲಿ ಮದಾಮ್‌ಗೆಂದು ಇಟ್ಟಿದ್ದ ಗಟ್ಟಿ ಬೆಳ್ಳಕ್ಕಿಯನ್ನು ಮೇಜಿನ ಕೆಳಗಿಟ್ಟು ನಿನ್ನದನ್ನು ಅದರ ಜಾಗದಲ್ಲಿ ನಿಲ್ಲಿಸಿದೆ. ನಿನ್ನಜ್ಜ ನೋಡಲಿಲ್ಲ, ದೂರದಿಂದ ಎರಡೂ ಒಂದೇ. ಏನಾದರೂ ಎಡವಟ್ಟಾದರೆ ಮುಂದಿನ ವರ್ಷದ ಕೆಲಸ ಹೋಗುತ್ತದೆ, ಮುದುಕನ ಮರ್ಯಾದೆಯೂ ಹೋಗುತ್ತದೆ ಅಂತ ಗೊತ್ತಿತ್ತು. ಆದರೂ ಇಟ್ಟೆ. ಒಯ್ಯಲು ಬಂದ ಹುಡುಗಿ ಎತ್ತಿದ ಕೂಡಲೇ ಕಣ್ಣರಳಿಸಿ ನನ್ನ ಕಡೆ ನೋಡಿದಳು. ಸುಮ್ಮನೆ ನಡಿಯೇ ಎಂದು ಕಣ್ಣಲ್ಲೇ ಗದರಿದೆ.

ಮದಾಮ್ ಇಗ್ಲಾಲ್ ಒಬ್ಬಳೇ ನಡೆದು ಬಂದಳು, ಯಾರ ತೋಳನ್ನೂ ಹಿಡಿಯಲಿಲ್ಲ. ಸಭೆಯೆಲ್ಲ ಎದ್ದು ನಿಂತಿತು. ನಾಲ್ಕು ಕಿಲೋ ಹೊರಲು ಸಿದ್ಧಳಾಗಿ ಕಾಲಗಲಿಸಿ, ತುಟಿ ಕಚ್ಚಿ, ಎರಡೂ ಕೈ ಚಾಚಿದಳು. ತೆಗೆದುಕೊಂಡ ರಭಸಕ್ಕೆ ಬೆಳ್ಳಕ್ಕಿ ಗಲ್ಲದವರೆಗೆ ಹಾರಿ ಬಂತು. ಅವಳ ಮುಖ ಹೇಗೆ ಇಳಿಯಿತು ಅಂದರೆ, ನನಗೆ ಆಗ ಹೊಳೆಯಿತು ನನ್ನ ದಡ್ಡತನ. ಈ ಲೋಕದಲ್ಲಿ ಹಗುರ ಬೆಳ್ಳಕ್ಕಿ ಅಂದರೆ ಒಂದೇ, ತಾಲೀಮಿನದು! ಅದನ್ನು ಯೋಚಿಸಲೇ ಇಲ್ಲವಲ್ಲ ನಾನು. ಅವಳು ಮೈಕಿನಲ್ಲೇ ಹೇಳಿದಳು, ಮೆಲ್ಲಗೆ: “ಇದು ಮಧ್ಯಾಹ್ನದ್ದು. ಮುದುಕಿ ಬೀಳಿಸ್ತಾಳೆ ಅಂತ ನನಗೆ ಮಣ್ಣಿಂದು ಕೊಟ್ರಾ?”

ರಿಫ್ಕಿ ಸುಣ್ಣದ ಗೋಡೆಯ ಹಾಗೆ ಬಿಳುಚಿಕೊಂಡ. ನಿನ್ನಜ್ಜ ಕುರ್ಚಿಯಿಂದೆದ್ದು, ಮೇಜಿನ ಕೆಳಗಿದ್ದ ಗಟ್ಟಿಯದನ್ನು ಕಂಡು, ನನ್ನನ್ನು ನೋಡಿದರು. ಮದುವೆಯಾದಂದಿನಿಂದ ಹಾಗೆ ನೋಡಿರಲಿಲ್ಲ. ನಾನು ಇನ್ನೇನು ಮಾಡಲಿ? ಕೈಯಲ್ಲಿ ತಿರುಪುಳಿ ಹಿಡಿದುಕೊಂಡೇ, ಕರಿ ಗಲಾಬಿಯದಲ್ಲೇ, ಅಷ್ಟು ದೀಪಗಳ ನಡುವೆ ಪರದೆಯಿಂದ ಹೊರಗೆ ಬಂದು ಕೂಗಿದೆ: “ಮದಾಮ್ ಇಗ್ಲಾಲ್! ಉಂಗುರದಿಂದ ಒಂದ್ಸಲ ಬಡಿದು ನೋಡ್ರೀ!”

ಬಡಿದಳು.

ಸಫ್ವತ್, ನೀನು ಇರಬೇಕಾಗಿತ್ತು. ಪ್ಲಾಸ್ಟರ್ ಬಡಿದರೆ ಟಪ್ ಅನ್ನುತ್ತದೆ, ಅಜ್ಜನ ಗಟ್ಟಿಯದು ಟಕ್ ಅಂದು ಸುಮ್ಮನಾಗುತ್ತದೆ. ನಿನ್ನದು ಹಾಡಿತು ಕಣೋ. ಮೈಕು ಹತ್ತಿರವಿತ್ತು, ಆ ದನಿ ಮೇಲಿನ ಬಾಲ್ಕನಿಯವರೆಗೆ ಹೋಗಿ, ತಿರುಗಿ ಬಂದು, ನನ್ನ ಎದೆಯೊಳಗೆ ಕೂತಿತು. ಅವಳು ಕಿವಿಯ ಹತ್ತಿರ ಹಿಡಿದು ಕೇಳಿದಳು. ಇನ್ನೊಂದು ಸಲ ಬಡಿದಳು. ಆಮೇಲೆ ನಕ್ಕು, ಒಂದೇ ಕೈಯಲ್ಲಿ, ಆ ಶುಂಠಿ ಬೆರಳಿನ ಒಂದೇ ಕೈಯಲ್ಲಿ, ತಲೆಯ ಮೇಲಕ್ಕೆ ಎತ್ತಿ ಹಿಡಿದಳು. “ಬೇಡದ್ದನ್ನ ಕತ್ತರಿಸಿ ತೆಗೆಯೋದೇ ನನ್ನ ಕಸುಬು. ಇದನ್ನ ಮಾಡಿದವನಿಗೂ ಆ ಕಸುಬು ಗೊತ್ತು” ಅಂದಳು. ನಾನು ಅಲ್ಲೇ ನಿಂತು ಗಂಟಲು ಹರಿಯುವ ಹಾಗೆ ಮದುವೆಮನೆಯ ಉಲುಲು ಕೂಗು ಹಾಕಿದೆ. ರೇಷ್ಮೆ ಗೌನಿನ ನಟಿಯರೂ ಹಾಕಿದರು. ಎರವಲು ಒಡವೆಯ ಗಂಟಲಿನಿಂದಲೂ ಅಸಲಿ ದನಿ ಬರುತ್ತದೆ, ಬರೆದಿಟ್ಟುಕೋ.

ಮೇಜಿಗೆ ಬಂದು ತಗಡು ಬಿಗಿಸಿಕೊಳ್ಳುವಾಗ ಕೇಳಿದಳು, “ಯಾರು ತಫೀದಾ ಇದನ್ನ ಮಾಡಿದ್ದು?” ನನ್ನ ಮೊಮ್ಮಗ, ಸೈನ್ಯದಲ್ಲಿದ್ದಾನೆ ಅಂದೆ. “ಬಂದ ಮೇಲೆ ಕಳಿಸು, ಆ ಕೈ ನೋಡ್ಬೇಕು” ಅಂದಳು. ನಿನ್ನಜ್ಜ ಪಕ್ಕದಲ್ಲೇ ಕಂಬಳಿ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದರು. ದಾರಿಯುದ್ದಕ್ಕೂ ಬೈಗುಳಕ್ಕೆ ಸಿದ್ಧಳಾಗಿದ್ದೆ, ಬರಲಿಲ್ಲ. ಮಾರನೆಯ ಬೆಳಿಗ್ಗೆ ರೊಟ್ಟಿ, ಅವರೆಕಾಳು ಒಯ್ದರೆ ಕುಲುಮೆಮನೆಯಿಂದ ಸದ್ದು. ಬಾಗಿಲ ಸಂದಿಯಲ್ಲಿ ನೋಡಿದೆ. ಉಳಿದ ಗಟ್ಟಿ ಬೆಳ್ಳಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಬಡಿಯುತ್ತಿದ್ದರು. ಟಕ್. ಕಿವಿಗೊಟ್ಟು ಕೇಳುವುದು. ಮತ್ತೆ ಟಕ್. ನಾನು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬಂದೆ.

ನಿನ್ನಮ್ಮ ಸಲಾಮು ಹೇಳಿದ್ದಾಳೆ, ಕಾಲುಚೀಲ ಕಳಿಸಿದ್ದಾಳೆ. ದೇವರು ನಿನ್ನ ಬೆನ್ನನ್ನು ನೆಟ್ಟಗಿಡಲಿ, ನಿನ್ನ ಮೇಲಧಿಕಾರಿಯ ನಾಲಗೆಯನ್ನು ಮೆತ್ತಗಿಡಲಿ, ಹೋದ ಹಾಗೇ ಇಡಿಯಾಗಿ ನನ್ನ ಕೈಗೆ ಕೊಡಲಿ.

ನಿನ್ನನ್ನು ಬೈಯಲು ಹಕ್ಕಿರುವ ಅಜ್ಜಿ,
ತಫೀದಾ

ಮರೆತೆ: ಮುಂದಿನ ವರ್ಷ ಎಲ್ಲ ಬೆಳ್ಳಕ್ಕಿಗಳೂ ಆ ಹಾಡುವ ಬಗೆಯವೇ ಬೇಕು ಅಂತ ರಿಫ್ಕಿ ಬಂದು ಹೇಳಿಹೋಗಿದ್ದಾನೆ. ನಿನ್ನಜ್ಜ ಯಾರಿಗೂ ಹೇಳದೆ ಎರಡು ಹೊಯ್ದು ನೋಡಿದರು. ಒಂದರ ಹೊಟ್ಟೆ ತೂತಾಯಿತು, ಇನ್ನೊಂದರ ಕತ್ತು ಸೀಳಿತು. ನಿನ್ನೆ ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದರು: “ಆ ಕತ್ತೆಮರಿಗೆ ಬರೆ. ಮೇಣ ಎಷ್ಟು ದಪ್ಪ ಹಚ್ಚಿದ್ದ, ಒಳಗಿನ ಮಣ್ಣಿಗೆ ಏನು ಬೆರೆಸಿದ್ದ, ಕೇಳು. ನನಗೆ ಬರ್ತಿಲ್ಲ.” ನನಗೆ ಬರುತ್ತಿಲ್ಲ ಅಂತ ಅವರ ಬಾಯಿಂದ ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಇದಕ್ಕಿಂತ ದೊಡ್ಡ ಕ್ಷಮೆಯನ್ನು ಕಾಯುತ್ತಾ ಕೂತರೆ ನಿನಗೂ ಗಡ್ಡ ನರೆಯುತ್ತದೆ. ಗಾರೆಗೋಡೆಯ ಮೊಳೆಗೆ ನಿನ್ನ ಇಕ್ಕಳವನ್ನೂ ತೂಗುಹಾಕಿದ್ದಾರೆ, ಎಣ್ಣೆ ಸವರಿ. ಉತ್ತರವನ್ನು ನನಗೆ ಬರೆಯಬೇಡ, ಅವರಿಗೆ ಬರೆ, ಲಕೋಟೆಯ ಮೇಲೆ ಅವರ ಹೆಸರೇ ಇರಲಿ. ಹೇಗೂ ಓದಿ ಹೇಳುವವಳು ನಾನೇ. ಮಾರ್ಚ್ ಹುಟ್ಟುವುದರೊಳಗೆ ಕಾಗದ ಈ ಮನೆಯಲ್ಲಿರಬೇಕು, ತಿಳಿಯಿತೇ?